ಹೊಡೆಯದ ಡಂಗೂರ

ಚಟ್ಟವನ್ನು ಪಟ್ಟಣ ಪಂಚಾಯಿತಿ ಕಚೇರಿಯ ಗೇಟಿನ ಮುಂದೆ ಇಳಿಸುವಾಗ ಯಾರೋ ಬೈಕು ಪಕ್ಕಕ್ಕೆ ಎಳೆದು ಜಾಗ ಮಾಡಿಕೊಟ್ಟರು. ಕೆಂಚಪ್ಪನ ಎದೆಯ ಮೇಲೆ ಅವನ ತಮಟೆ ಇತ್ತು. ಹುಲ್ಲೇಪಾಳ್ಯದಲ್ಲಿ ಮೂವತ್ತು ವರ್ಷ ಡಂಗೂರ ಸಾರಿದವನು. ಪೋಲಿಯೋ ಹನಿಯೋ, ನೀರಿನ ಸರದಿಯೋ, ಗ್ರಾಮಸಭೆಯೋ, ಅವನ ತಮಟೆ ಕೇಳಿದ ಮೇಲೇ ಊರಿನವರಿಗೆ ಅದು ನಿಜ.

ಮಗಳು ರಾಗಿಣಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಅವಳು ಕೇಳಿದ್ದು ಇಷ್ಟೇ: ಅಪ್ಪನನ್ನು ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಬೇಕು, ಸಾಯುವ ಮುಂಚೆ ಅವನು ಕೇಳಿದ್ದು ಅದೊಂದನ್ನೇ. ಅಮ್ಮನ ಗುಂಡಿ ಈಗ ಕಚೇರಿಯ ಕಾಂಪೌಂಡಿನೊಳಗೆ, ಜನರೇಟರ್ ಶೆಡ್ಡಿನ ಬದಿಗಿತ್ತು. ಕಾಂಪೌಂಡ್ ಎದ್ದಂದಿನಿಂದ ಕೇರಿಯ ಹೆಣಗಳು ಟೆಂಪೋದಲ್ಲಿ ಏಳು ಕಿಲೋಮೀಟರ್ ಆಚೆ ಹೋಗುತ್ತಿದ್ದವು.

ಮುಖ್ಯಾಧಿಕಾರಿ ಯಶ್ವಂತ್ ಕೆಟ್ಟವನಲ್ಲ, ಬಂದು ಆರು ತಿಂಗಳಾಗಿತ್ತು ಅಷ್ಟೇ. ಫೈಲು ಹಿಡಿದುಕೊಂಡೇ ಗೇಟಿಗೆ ಬಂದ.

“ದಾಖಲೇಲಿ ಇದು ಸ್ಮಶಾನ ಅಲ್ಲಮ್ಮ, ಖರಾಬು ಜಮೀನು. ಊರು ಪಟ್ಟಣ ಪಂಚಾಯಿತಿ ಆಗೋವಾಗ ಕಚೇರಿಗೆ ಅಂತ ಗುರುತು ಮಾಡಿದಾರೆ. ಡಂಗೂರ ಹೊಡೆಸಿ ತಕರಾರು ಕೇಳಿದಾರೆ, ಯಾರೂ ಹೇಳಿಲ್ಲ.” ಹಾಳೆ ತಿರುವಿ, ದನಿ ತಗ್ಗಿಸಿದ. “ಡಂಗೂರ ಹೊಡೆದಿದೀನಿ ಅಂತ ಹೆಬ್ಬೆಟ್ಟು ಹಾಕಿರೋರು ನಿಮ್ಮ ತಂದೆಯವ್ರೇ.”

ಹೊತ್ತು ತಂದವರೆಲ್ಲ ಚಟ್ಟದ ಕಡೆ ನೋಡಿದರು. ನಮ್ಮ ಗುಂಡಿಗಳನ್ನು ಬರೆದುಕೊಟ್ಟವನು ಇವನೇನಾ ಎಂದು ಹಿಂದಿನಿಂದ ಒಬ್ಬರು ಅಂದದ್ದು ಎಲ್ಲರಿಗೂ ಕೇಳಿಸಿತು. ಸತ್ತವನು ಉತ್ತರ ಹೇಳುವ ಹಾಗಿರಲಿಲ್ಲ. ಉತ್ತರ ಗೊತ್ತಿದ್ದ ಇನ್ನೊಬ್ಬ, ಊರಿನ ಮಾಜಿ ಅಧ್ಯಕ್ಷ ರಾಮಯ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹಾರ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದ.

*

ಹನ್ನೊಂದು ವರ್ಷದ ಹಿಂದೆ ರಾಮಯ್ಯ ಗ್ರಾಮ ಪಂಚಾಯಿತಿ ಅಧ್ಯಕ್ಷ. ಕೆಂಗೇರಿ ಆಗಲೇ ಬೆಂಗಳೂರಾಗಿತ್ತು, ಹುಲ್ಲೇಪಾಳ್ಯ ಮಾತ್ರ ಹಳ್ಳಿಯಾಗಿಯೇ ಕೊಳೆಯುತ್ತಿದೆ ಎಂಬ ಉರಿ ಅವನಿಗೆ. ಪಟ್ಟಣವಾದರೆ ಒಳಚರಂಡಿ ಬರುತ್ತದೆ, ಬೀದಿದೀಪ ಬರುತ್ತದೆ, ತನ್ನ ಹೆಸರು ಕಲ್ಲಿನ ಮೇಲೆ ಬರುತ್ತದೆ. ಕಚೇರಿಗೆ ಅರ್ಧ ಎಕರೆ ತೋರಿಸಿ ಎಂದು ಮೇಲಿನವರು ಕೇಳಿದರು. ರಸ್ತೆ ಬದಿಯಲ್ಲಿ ಅವನದೇ ಎರಡು ಎಕರೆ ತೋಟವಿತ್ತು. ತೋರಿಸಿದ್ದು ಕೇರಿಯವರು ಹೂಳುತ್ತಿದ್ದ ಜಾಗ. ಕಾಗದದಲ್ಲಿ ಅದು ಯಾರಿಗೂ ಸೇರದ ಬರೀ ಖರಾಬು.

ಕೆಂಚಪ್ಪ ತಮಟೆ ಕಾಯಿಸಿಕೊಂಡು ಬಂದು ರಾಮಯ್ಯನ ಮನೆ ಜಗಲಿಯ ಕೆಳಗೆ ನಿಂತು, ಏನಂತ ಸಾರಲಿ ಎಂದು ಕೇಳಿದ. ಸಾರುವುದೇನೂ ಬೇಡ, ಪಟ್ಟಣ ಆಗುವುದು ಎಲ್ಲರಿಗೂ ಗೊತ್ತಿರುವುದೇ ಎಂದು ರಾಮಯ್ಯ ಕಾಗದ ಮುಂದಿಟ್ಟ. ಅಷ್ಟು ವರ್ಷ ಅವನ ಮಾತನ್ನು ಊರಿಗೆಲ್ಲ ಹಂಚಿದ್ದ ಕೆಂಚಪ್ಪ, ಅದರಲ್ಲೇನು ಬರೆದಿದೆ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದ.

ಕಾಂಪೌಂಡ್ ಎದ್ದ ದಿನ ಅವನು ಮತ್ತೆ ಬಂದ. ರಾಮಯ್ಯ ಬೈಗುಳಕ್ಕೆ ಸಿದ್ಧನಾಗಿದ್ದ.

“ನಾನು ಹೊಡೀದೇ ಬಿಟ್ಟ ಡಂಗೂರ ಅದೊಂದೇ, ಗೌಡ್ರೇ,” ಎಂದಷ್ಟೇ ಹೇಳಿ ಕೆಂಚಪ್ಪ ಹೊರಟುಹೋದ.

ಆಮೇಲೆ ಅವನು ತಮಟೆ ಮುಟ್ಟಲಿಲ್ಲ. ನೀರಿನ ವಾಲ್ವ್ ತಿರುಗಿಸುವ ಕೆಲಸ ಮಾಡಿಕೊಂಡಿದ್ದ. ಹೆಬ್ಬೆಟ್ಟಿನ ಮಾತನ್ನು ಮಗಳಿಗೂ ಹೇಳಲಾಗದಷ್ಟು ನಾಚಿಕೆ ಅವನಿಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ.

*

ಈಗ ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಪಾಪವನ್ನು ಕೆಂಚಪ್ಪನ ಜೊತೆಗೇ ಹೂತಂತೆ ಎಂದು ರಾಮಯ್ಯನಿಗೆ ಅನ್ನಿಸಿತು. ಒಂದು ಗಳಿಗೆ ಆ ಯೋಚನೆ ಹಾಯೆನಿಸಿತ್ತು ಕೂಡ. ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಗೇಟಿಗೆ ಬಂದ.

“ಅವತ್ತು ಡಂಗೂರ ಹೊಡೀಲಿಲ್ಲ ಸಾರ್. ಬೇಡ ಅಂದೋನು ನಾನು. ಏನು ಬರ್ದಿದೆ ಅಂತ ಅವ್ನಿಗೆ ಓದಿ ಹೇಳ್ಲೂ ಇಲ್ಲ.”

ಯಶ್ವಂತ್ ಕಂಗಾಲಾದ. ಇದು ತನ್ನ ಕೈಯಲ್ಲಿಲ್ಲ, ತಹಶೀಲ್ದಾರರನ್ನು ಕೇಳಬೇಕು, ಹೇಳಿದ್ದನ್ನು ಬರೆದುಕೊಡಿ ಎಂದ. ರಾಮಯ್ಯ ಬರೆದುಕೊಟ್ಟ. ಉತ್ತರ ಬರುವವರೆಗೂ ಎತ್ತುವುದಿಲ್ಲ ಎಂದು ರಾಗಿಣಿ ಚಟ್ಟದ ಪಕ್ಕದಲ್ಲಿ ಕೂತಳು. ಆಮೇಲೆ ರಾಮಯ್ಯನ ಮುಖ ನೋಡಿದಳು.

“ನೀವು ಹೇಳಿದ್ದು ಇಲ್ಲಿರೋ ಇಪ್ಪತ್ತು ಜನಕ್ಕೆ ಕೇಳ್ತು, ಗೌಡ್ರೇ. ಊರಿಗೆ ಕೇಳ್ಲಿಲ್ಲ.”

ಅವನು ಹಾರವನ್ನು ಕೆಂಚಪ್ಪನ ಕಾಲ ಬಳಿ ಇಟ್ಟು, ಎದೆಯ ಮೇಲಿದ್ದ ತಮಟೆ ಎತ್ತಿಕೊಂಡ. ಯಾರೂ ತಡೆಯಲಿಲ್ಲ. ತಟ್ಟಿದರೆ ಮಂಕು ಸದ್ದು. ರಾಗಿಣಿ ಎದ್ದು ಬಂದು ಅವನ ಕೈಯಿಂದ ತಮಟೆ ತೆಗೆದುಕೊಂಡಳು. ಹಳೇ ಪೇಪರಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವ ತನಕ ಕಾಯಿಸಿ ವಾಪಸು ಕೊಟ್ಟಳು.

ರಾಮಯ್ಯ ಮೊದಲು ಹೋದದ್ದು ತನ್ನ ಬೀದಿಗೇ. ಜಗಲಿ ಹತ್ತಲಿಲ್ಲ. ಕೆಂಚಪ್ಪ ನಿಲ್ಲುತ್ತಿದ್ದ ಕಡೆ, ಮೆಟ್ಟಿಲ ಕೆಳಗೆ, ಬಿಸಿಲಲ್ಲಿ ನಿಂತು ಹೊಡೆದ. ಪೆಟ್ಟು ಎಲ್ಲೆಲ್ಲೋ ಬೀಳುತ್ತಿತ್ತು. ಎದುರುಮನೆಯ ಬಾಗಿಲು ತೆರೆಯಿತು. ಅವನ ಮನೆಯೊಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಹಳೆಯ ಅಭ್ಯಾಸದಿಂದ ಹೆಂಡತಿ ಲಿಂಗಮ್ಮ ಅಲ್ಲಿಂದಲೇ ಕೇಳಿದಳು:

“ಏನು ಸಾರ್ತಿದೀಯೋ, ಕೆಂಚಪ್ಪ?”