ಸಂಪರ್ಕ ಇಲ್ಲ

ಟೈಲರಮ್ಮನಿಗೆ ನಿಂತಲ್ಲೇ ಕೆಮ್ಮುವ ಧೈರ್ಯ ಇರಲಿಲ್ಲ. ಕೆಮ್ಮು ಬಂದರೆ ಮೊದಲು ಕುರ್ಚಿ ಹುಡುಕಿ, ಕಾಲು ಬಿಗಿದು ಕೂತು, ಆಮೇಲೆ ಕೆಮ್ಮುತ್ತಿದ್ದಳು. ಆದರೂ ಲಂಗ ಒದ್ದೆಯಾಗುತ್ತಿತ್ತು. ಎರಡನೆಯ ಹೆರಿಗೆಯಲ್ಲಿ ಸಡಿಲವಾದ ಸ್ನಾಯುಗಳು ಐವತ್ತು ದಾಟಿದ ಮೇಲೆ ಪೂರ್ತಿ ಕೈಬಿಟ್ಟು, ಗರ್ಭಕೋಶ ಕೆಳಗೆ ಜಾರಿತ್ತು.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ಒಂದು ಪ್ರಶ್ನಾವಳಿ ತುಂಬಿಸುತ್ತಿದ್ದರು. ಯಾವ ಆಪರೇಷನ್ ಎಂಬುದು ಅದರ ಮೇಲೂ ನಿಂತಿತ್ತು. ಪ್ರಶ್ನೆ ಕೇಳುವ ನರ್ಸ್ ಹೊಸಬಳು. ಪರದೆ ಎಳೆದು, ಹಾಳೆಯಿಂದ ತಲೆಯೆತ್ತದೆ ಓದಿದಳು. ‘ಲೈಂಗಿಕ’ ಎಂಬ ಶಬ್ದ ಬಂದಲ್ಲೆಲ್ಲ ಅದನ್ನು ನುಂಗಿಬಿಡುವುದು ಅವಳ ರೂಢಿ.

“ಸಂಗಾತಿ ಜೊತೆ ಸಂಪರ್ಕ ಇದೆಯಾ?”

“ಸಂಗಾತಿ ಅಂದ್ರೆ?”

“ನಿಮ್ಮ ಯಜಮಾನ್ರು, ಅಮ್ಮ.”

“ಒಂದೇ ಮನೇಲಿ ಇದ್ದೀವಿ, ಒಂದೇ ಅಂಗಡೀಲಿ ಕೂರ್ತೀವಿ. ಇನ್ನು ಸಂಪರ್ಕ ಬೇರೆ ಯಾಕೆ? ಆ ಮನುಷ್ಯನ ಹತ್ರ ಫೋನೇ ಇಲ್ಲ.”

“ಹಾಗಾದ್ರೆ ಇಲ್ಲ ಅಂತ ಹಾಕ್ಲಾ?”

“ಹಾಕು ತಾಯಿ.”

ನರ್ಸಿಗೆ ‘ಸದ್ಯ, ಬದುಕಿದೆ’ ಅನ್ನಿಸಿತು. ಇಲ್ಲ ಎಂದವರಿಗೆ ಮುಂದಿನ ಪ್ರಶ್ನೆಗಳು ಕಡಿಮೆ.

ಡಾಕ್ಟರಮ್ಮ ಹಾಳೆ ನೋಡಿದರು. “ಗರ್ಭಕೋಶ ಜಾರಿ ಬರೋ ದಾರಿನೇ ಮುಚ್ಚಿ ಹೊಲಿದುಬಿಡೋಣ. ಚಿಕ್ಕ ಆಪರೇಷನ್, ಮತ್ತೆ ಜಾರೋ ಭಯ ಕಡಿಮೆ.”

ಹೊಲಿಗೆ ಎಂದದ್ದೇ ಟೈಲರಮ್ಮನ ಕಿವಿ ನಿಮಿರಿತು. “ಎಲ್ಲಿಂದ ಎಲ್ಲಿಗೆ ಹೊಲೀತೀರಿ ಡಾಕ್ಟ್ರೇ?”

ಅವರು ಚಿತ್ರ ಬರೆದು ತೋರಿಸಿದರು.

“ಅಯ್ಯೋ! ಪೂರ್ತಿ ಮುಚ್ಚಿಬಿಟ್ರೆ ನಮ್ಮನೆಯವರು ಏನ್ ಮಾಡ್ಬೇಕು?”

“ಸಂಪರ್ಕ ಇಲ್ಲ ಅಂದಿದ್ದೀರಲ್ಲಮ್ಮ?”

“ಫೋನಿಲ್ಲ ಅಂದೆ. ಅದು ಇದೆ. ಹಾಸಿಗೆ ಒದ್ದೆಯಾದೀತು ಅಂತ ಈಚೆಗೆ ನಾನೇ ಅವರನ್ನ ಆಚೆ ತಳ್ತೀನಿ. ನನಗೂ ಬೇಕು ಅನ್ಸುತ್ತೆ, ಸುಳ್ಳು ಯಾಕೆ ಹೇಳ್ಲಿ? ಅದು ಸರಿಹೋಗ್ಲಿ ಅಂತ ತಾನೇ ಇಲ್ಲಿಗೆ ಬಂದಿರೋದು?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನರ್ಸನ್ನು ಕರೆದರು. “ಇವರನ್ನ ಹೇಗೆ ಕೇಳ್ದೆ? ಓದು.”

ಅವಳು ಓದಿದಳು.

“ನಡುವಿನ ಶಬ್ದ ಎಲ್ಲಿ ಹೋಯ್ತು?”

ನರ್ಸ್ ಕೆಂಪಾದಳು. “ಹೇಳೋಕೆ ಒಂಥರಾ ಆಗುತ್ತೆ ಮೇಡಂ. ಅರ್ಥ ಆಗುತ್ತೆ ಅಂದ್ಕೊಂಡೆ.”

“ಗಂಡ ಹೆಂಡ್ತಿ ಕೂಡ್ತೀರಾ ಅಂತ ಕೇಳು. ಬಾಯೇನೂ ಬೆಂದು ಹೋಗಲ್ಲ.”

ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಬಂದದ್ದಕ್ಕೆ ಕಾಲೂ ಬಿಗಿದಳು.

ಹೊಸ ಹಾಳೆ ಬಂತು. ನೋವು, ಭಯ, ಆಸೆ, ಎಲ್ಲವನ್ನೂ ನರ್ಸ್ ಈ ಸಲ ಪೂರ್ತಿ ಕೇಳಿದಳು. ಗರ್ಭಕೋಶ ಮೇಲೆತ್ತಿ ಕಟ್ಟಿ, ದಾರಿ ಉಳಿಸುವ ಆಪರೇಷನ್ ಎಂದಾಯಿತು. ಅದು ದೊಡ್ಡದು, ಮತ್ತೆ ಜಾರಲೂಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದರು.

“ಜಾರಿದ್ರೆ ಮತ್ತೆ ಬರ್ತೀನಿ,” ಎಂದಳು ಟೈಲರಮ್ಮ.

ಸಂಜೆ ಡಾಕ್ಟರಮ್ಮ ಕಪಾಟು ತೆಗೆಸಿದರು. ಆ ನರ್ಸ್ ‘ಇಲ್ಲ’ ಎಂದು ಗುರುತು ಹಾಕಿದ ಹಾಳೆಗಳು ಇನ್ನೂ ಹದಿನಾಲ್ಕಿದ್ದವು. ಎಲ್ಲವನ್ನೂ ರದ್ದು ಮಾಡಿ, ಹೆಂಗಸರನ್ನು ಮತ್ತೆ ಕರೆಸಿದರು. ಹದಿಮೂರು ಮಂದಿಗೆ ಇನ್ನೂ ಆಪರೇಷನ್ ಆಗಿರಲಿಲ್ಲ. ಒಬ್ಬಳಿಗೆ ಮುಚ್ಚಿ ಹೊಲಿದಾಗಿತ್ತು.