ಕೈಮಾತಿನ ಪ್ರಶ್ನೆ

ಆ ಮಂಗಳವಾರ ಬೆಳಿಗ್ಗೆ ಜೆಂಟ್ರಿಕ್ಸ್ ನಾಂಜಾಲ ಬರೀ ಚಹಾ ಕುಡಿದು ಮನೆ ಬಿಟ್ಟಳು. ಕೌಂಟಿಯ, ಅಂದರೆ ಜಿಲ್ಲೆಯ, ಶಾಸನಸಭೆಗೆ ಬಂದು ಎರಡು ವರ್ಷವಾಗಿದ್ದರೂ ಮಂತ್ರಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವ ಸರದಿ ಬಂದದ್ದು ಇದೇ ಮೊದಲು. ಅವಳು ಹುಟ್ಟಿನಿಂದ ಕಿವಿ ಕೇಳದವಳು. ಕಿವುಡ ಮಕ್ಕಳ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿದವಳನ್ನು ಪಕ್ಷವೇ ನಾಮನಿರ್ದೇಶನ ಮಾಡಿ ಸಭೆಗೆ ಕಳಿಸಿತ್ತು. ಊರೂರು ಅಲೆದು ಓಟು ಗೆದ್ದು ಬಂದವರ ಬಾಯಲ್ಲಿ ಅವಳು ಬರೀ ಅಂದಕ್ಕಿಟ್ಟ ‘ಹೂಕುಂಡ’. ಆ ಮಾತನ್ನು ಅವಳಿಗೆ ಮುಟ್ಟಿಸಿದವಳು ಅವಳ ದುಭಾಷಿ ಫಾನಿಸ್. ಐವತ್ತು ದಾಟಿದ ಫಾನಿಸ್ ಪಾಲಿಗೆ ನಿಯಮ ಒಂದೇ: ಕಿವಿಗೆ ಬಿದ್ದದ್ದೆಲ್ಲ ಕೈಗೆ ಬರಬೇಕು, ಕೈಯಲ್ಲಿ ಕಂಡದ್ದೆಲ್ಲ ಬಾಯಿಗೆ ಬರಬೇಕು. ಬೈಗುಳವಾದರೂ ಸರಿ.

ಮೂರು ತಿಂಗಳ ಹಿಂದೆ ಜೆಂಟ್ರಿಕ್ಸ್ ಬರವಣಿಗೆಯಲ್ಲಿ ಪ್ರಶ್ನೆ ಕೊಟ್ಟಿದ್ದಳು. ಕೌಂಟಿಯ ಆಸ್ಪತ್ರೆಗಳಲ್ಲಿ ಸನ್ನೆ ಭಾಷೆ ಬಲ್ಲವರು ಎಷ್ಟು ಮಂದಿ? ಅದನ್ನು ಕಲಿಸಲೆಂದು ಬಜೆಟ್ಟಿನಲ್ಲಿ ಇಟ್ಟಿದ್ದ ನಲವತ್ತೆಂಟು ಲಕ್ಷ ಶಿಲ್ಲಿಂಗು ಏನಾಯಿತು? ಉತ್ತರ ಎರಡೇ ಸಾಲು: ನಲವತ್ತು ಸಿಬ್ಬಂದಿಗೆ ಮೂವತ್ತು ದಿನದ ತರಬೇತಿ ಕೊಡಲಾಗಿದೆ, ಹಣ ಪೂರ್ತಿ ಖರ್ಚಾಗಿದೆ. ಅದನ್ನು ಓದಿದವಳೇ ಒಂದು ವಾರ ಆರು ಆಸ್ಪತ್ರೆ ಸುತ್ತಿದಳು. ಹೊಟ್ಟೆ ಹಿಡಿದುಕೊಂಡು ಕೈಯಾಡಿಸಿದರೆ ಒಂದು ಕಡೆ ಕಕ್ಕಸಿನ ಬಾಗಿಲು ತೋರಿಸಿದರು. ಇನ್ನೊಂದು ಕಡೆ ‘ಎಷ್ಟು ತಿಂಗಳು?’ ಎಂದು ಚೀಟಿ ಬರೆದು ಕೇಳಿದರು. ಅವಳಿಗೆ ಆಗ ನಲವತ್ತೇಳು ವರ್ಷ. ನಗುವೂ ಬಂತು, ಮೈಯೂ ಉರಿಯಿತು. ಆರೋಗ್ಯ ಸಮಿತಿಯ ಅಧ್ಯಕ್ಷ ಖಾಯೆಂಬಾರ ಬೆನ್ನು ಬಿದ್ದು, ಮಂತ್ರಿಗಳನ್ನೇ ಸಮಿತಿಯ ಮುಂದೆ ಕರೆಸಿದಳು.

ಆರೋಗ್ಯ ಮಂತ್ರಿ ಡಾಕ್ಟರ್ ಮುಲೊಂಗೊ ನಗುನಗುತ್ತ ಬಂದರು. ಜೊತೆಗೆ ಅಧಿಕಾರಿಗಳ ಹಿಂಡು. ಕೂತವರೇ ಫಾನಿಸ್‌ಳ ಮುಖ ನೋಡುತ್ತ ಮಾತು ಶುರುಮಾಡಿದರು. “ನೋಡಮ್ಮಾ, ನಿಮ್ಮ ಮೇಡಮ್ಮಿಗೆ ಹೇಳಿ, ನಮ್ಮ ಸರ್ಕಾರಕ್ಕೆ ಇಂಥವರ ಮೇಲೆ ಎಷ್ಟು ಕಾಳಜಿ ಅಂದ್ರೆ...”

ಜೆಂಟ್ರಿಕ್ಸ್ ಅಂಗೈಯಿಂದ ಮೇಜನ್ನು ಒಮ್ಮೆ ಬಡಿದಳು. ಅವಳ ಕೈಯಾಡಿತು, ಫಾನಿಸ್‌ಳ ಬಾಯಾಡಿತು: “ಮಂತ್ರಿಗಳೇ, ಪ್ರಶ್ನೆ ಕೇಳ್ತಿರೋಳು ನಾನು. ನನ್ನ ಮುಖ ನೋಡಿ ಮಾತಾಡಿ. ಫಾನಿಸ್ ಅಕ್ಕನ ಮುಖ ನೋಡೋಕೆ ಅವರ ಯಜಮಾನರಿದ್ದಾರೆ.”

ಸದಸ್ಯರ ಭುಜಗಳು ಕುಲುಕಿದವು. ಮಂತ್ರಿಗಳು ಕುರ್ಚಿ ತಿರುಗಿಸಿ, ಒಂದು ದೊಡ್ಡ ಫೋಟೋ ಎತ್ತಿ ತೋರಿಸಿದರು. ಶಾಮಿಯಾನದ ಕೆಳಗೆ ನಲವತ್ತು ಜನ, ಎಲ್ಲರ ಕೈಯಲ್ಲೂ ಪ್ರಮಾಣಪತ್ರ. “ಮೂವತ್ತು ದಿನ ಕಲಿತವರು ಇವರು. ನಂಬಿಕೆ ಇಲ್ದಿದ್ರೆ ಇಲ್ಲೇ ನೋಡಿ, ಇಬ್ಬರನ್ನ ಕರ್ಕೊಂಡೇ ಬಂದಿದ್ದೀನಿ.” ಹಿಂದಿನ ಸಾಲಿನಲ್ಲಿದ್ದ ಒಬ್ಬ ವೈದ್ಯಾಧಿಕಾರಿಯನ್ನೂ ಒಬ್ಬ ನರ್ಸನ್ನೂ ತೋರಿಸಿದರು.

ಜೆಂಟ್ರಿಕ್ಸ್ ಹೊತ್ತು ತಂದಿದ್ದ ಹನ್ನೆರಡು ಪ್ರಶ್ನೆಗಳ ಹಾಳೆಯಲ್ಲಿ ಇದು ಇರಲಿಲ್ಲ. ಹಾಳೆಯನ್ನು ಮಗುಚಿಟ್ಟಳು.

“ಅಧ್ಯಕ್ಷರೇ, ಇಬ್ಬರಿಗೂ ಪ್ರಮಾಣವಚನ ಕೊಡಿಸಿ. ನಾನು ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಫಾನಿಸ್ ಅಕ್ಕ ಅದನ್ನ ಬಾಯಲ್ಲಿ ಹೇಳಬಾರದು.”

ಮಂತ್ರಿಗಳು ಎದ್ದುನಿಂತರು. “ಇದೇನು ಪರೀಕ್ಷೆ ಹಾಲಾ? ಪಾಪ, ಕೆಲಸ ಬಿಟ್ಟು ಬಂದಿದ್ದಾರೆ!”

“ಕರ್ಕೊಂಡು ಬಂದಿದ್ದು ನೀವೇ ತಾನೇ?” ಎಂದರು ಖಾಯೆಂಬಾ. “ಹುಂಜ ತೋರಿಸಿದ ಮೇಲೆ ಕೂಗು ಕೇಳಬೇಡಿ ಅಂದ್ರೆ ಹೇಗೆ? ಮ್ವಾಲಿಮು, ಕೇಳಿ.” ಊರಲ್ಲಿ ಮೇಷ್ಟರುಗಳನ್ನೆಲ್ಲ ಕರೆಯುವ ಹಾಗೆ ಅವರು ಅವಳನ್ನು ಕರೆದದ್ದು ಮ್ವಾಲಿಮು ಎಂದು. ಸಭೆಯಲ್ಲಿ ಆ ಗೌರವ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ವೈದ್ಯಾಧಿಕಾರಿ ಕುಂಡು ಬೈಬಲ್ ಮುಟ್ಟಿ ಪ್ರಮಾಣ ಮಾಡಿ ನಿಂತ. ಜೆಂಟ್ರಿಕ್ಸ್ ನಿಧಾನವಾಗಿ, ಒಂದನೇ ಕ್ಲಾಸಿನ ಮಗುವಿಗೂ ತಿಳಿಯುವ ಹಾಗೆ ಕೇಳಿದಳು: ‘ಎಲ್ಲಿ ನೋವು?’ ಆತ ಫಾನಿಸ್‌ಳ ಕಡೆ ನೋಡಿದ. ಅವಳು ಕೈಕಟ್ಟಿ ಕೂತಿದ್ದಳು. ಆತ ಮಂತ್ರಿಗಳ ಕಡೆ ನೋಡಿದ. ಕೊನೆಗೆ ಹೆಬ್ಬೆರಳೆತ್ತಿ ತೋರಿಸಿದ. ಕೋಣೆಯೆಲ್ಲ ನಕ್ಕಿತು. ಜೆಂಟ್ರಿಕ್ಸ್ ನಗಲಿಲ್ಲ. ಆತನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಈತ ಕಳ್ಳನಲ್ಲ ಎಂದು ಅವಳಿಗೆ ಅನ್ನಿಸಿತು.

ನರ್ಸಿನ ಹೆಸರು ಮೆಟ್ರಿನ್. ಗುಂಡಗಿನ, ಚುರುಕು ಕಣ್ಣಿನ ಹೆಂಗಸು. ಪ್ರಮಾಣ ಮಾಡಿದವಳೇ, ಪ್ರಶ್ನೆ ಮುಗಿಯುವುದಕ್ಕೂ ಮುಂಚೆ ಕೈ ಹಾರಿಸಿದಳು.

‘ನನಗಾ? ಬೆಳಿಗ್ಗೆಯಿಂದ ನಿಂತೂ ನಿಂತೂ ಸೊಂಟ ನೋವು. ನಿಮಗೆಲ್ಲಿ ಹೇಳಿ, ಹೊಟ್ಟೆಯಾ, ತಲೆಯಾ, ಯಾವಾಗಿನಿಂದ?’

ಜೆಂಟ್ರಿಕ್ಸ್ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. ಇಡೀ ಕೌಂಟಿಯ ಆಸ್ಪತ್ರೆಗಳಲ್ಲಿ ಒಬ್ಬಳಿದ್ದಾಳೆ! ಸಂತೋಷಕ್ಕೆ ಕುಣಿಯುವ ಹಾಗಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಮಂತ್ರಿ ಹೇಳಿದ್ದೇ ನಿಜವೆ? ಮುಲೊಂಗೊ ಆಗಲೇ ಎರಡೂ ಕೈ ಚಾಚಿ, “ನೋಡಿದ್ರಾ! ನಮ್ಮ ತರಬೇತಿ!” ಎನ್ನುತ್ತಿದ್ದರು. ಪಕ್ಕದ ಸದಸ್ಯ ಏನೋ ಗೊಣಗಿದ. ‘ಹೂಕುಂಡ ಉರುಳಿತು ಅಂತಿದಾನೆ,’ ಎಂದು ಫಾನಿಸ್‌ಳ ಬೆರಳುಗಳು ಚಾಚೂ ತಪ್ಪದೆ ಹೇಳಿದವು.

ಆದರೆ ಮೆಟ್ರಿನ್‌ಳ ಕೈಯಲ್ಲಿ ಏನೋ ಇತ್ತು. ತರಗತಿಯಲ್ಲಿ ಕಲಿತವರು ಹೀಗೆ ಕೈಯಾಡಿಸುವುದಿಲ್ಲ. ಇದು ಸಂತೆಯ ಕೈ, ಬೇಲಿಯಾಚೆಯಿಂದ ಹರಟುವ ಕೈ. ಜೆಂಟ್ರಿಕ್ಸ್ ಫಾನಿಸ್‌ಗೆ ಮತ್ತೆ ಬಾಯಲ್ಲಿ ಹೇಳುವಂತೆ ಸನ್ನೆ ಮಾಡಿ ಮುಂದಕ್ಕೆ ಬಾಗಿದಳು.

“ಇದನ್ನ ಎಲ್ಲಿ ಕಲಿತಿರಿ ತಂಗಿ?”

ಮೆಟ್ರಿನ್‌ಳ ಕೈ ನಿಂತಿತು. ಯಾರಿಗೂ ತಿಳಿಯದು ಎಂದುಕೊಂಡು ಸೊಂಟದ ಹತ್ತಿರವೇ, ಸಣ್ಣಗೆ ಬೆರಳಾಡಿಸಿದಳು. ಫಾನಿಸ್ ನಿಯಮ ಮುರಿಯುವವಳೇ? ಕೋಣೆಗೆಲ್ಲ ಕೇಳುವಂತೆ ಹೇಳಿದಳು: “ನಿಜ ಹೇಳಿದ್ರೆ ನನ್ನ ಕೆಲಸ ಹೋಗುತ್ತಾ ಅಕ್ಕಾ?”

ಮೆಟ್ರಿನ್ ತಲೆಯ ಮೇಲೆ ಕೈಹೊತ್ತಳು. ಮಂತ್ರಿಗಳ ನಗು ಮುಖದ ಮೇಲೆ ಹಾಗೇ ಒಣಗಿತು.

ಜೆಂಟ್ರಿಕ್ಸ್ ಅಧ್ಯಕ್ಷರ ಕಡೆ ತಿರುಗಿದಳು. “ನೀವೇ ಹೇಳಿ, ಮ್ಜೀ, ಹಿರಿಯರು ನೀವು.”

ಖಾಯೆಂಬಾ ಕನ್ನಡಕ ತೆಗೆದರು. “ಮಗಳೇ, ಇಲ್ಲಿ ಪ್ರಮಾಣ ಮಾಡಿ ಹೇಳಿದ ಮಾತಿಗೆ ನಿನ್ನ ಕೂದಲು ಕೊಂಕಿಸೋಕೂ ಯಾರಿಗೂ ಆಗಲ್ಲ. ಅದು ಕಾನೂನು. ಮುಟ್ಟಿದವರು ಇದೇ ಸಮಿತಿಯ ಮುಂದೆ ಬಂದು ಕೂರಬೇಕಾಗುತ್ತೆ. ಹೇಳು.”

ಮೆಟ್ರಿನ್ ಬಾಯಲ್ಲೇ ಹೇಳಬಹುದಿತ್ತು. ಆದರೆ ಜೆಂಟ್ರಿಕ್ಸ್‌ಳ ಕಣ್ಣಲ್ಲಿ ಕಣ್ಣಿಟ್ಟು ಕೈಯಲ್ಲೇ ಹೇಳಿದಳು. ಅವಳ ಕೈಗಳ ಹಿಂದೆ ಫಾನಿಸ್‌ಳ ದನಿ ಓಡಿತು.

“ಮೂವತ್ತು ದಿನ ಇಲ್ಲ, ಒಂದೇ ದಿನ. ಹೋಟೆಲಲ್ಲಿ. ಕಲಿಸೋನು ಹನ್ನೊಂದಕ್ಕೆ ಬಂದ. ಅಕ್ಷರಮಾಲೆ ಶುರುಮಾಡಿ ಆರನೇ ಅಕ್ಷರಕ್ಕೆ ಬರೋಷ್ಟರಲ್ಲಿ ಊಟ ಬಂತು. ಕೋಳಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಫೋಟೋ. ಆಮೇಲೆ ಮನೆಗೆ. ನನಗೆ ಇದನ್ನ ಕಲಿಸಿದೋಳು ನನ್ನ ಪಕ್ಕದ ಮನೆ ದರ್ಜಿ, ಲೋಯ್ಸ್. ಅವಳಿಗೂ ಕಿವಿ ಕೇಳಲ್ಲ. ಒಂಬತ್ತು ವರ್ಷದಿಂದ ದಿನಾ ನೀರಿಗೆ ಜೊತೆಗೆ ಹೋಗ್ತೀವಿ, ದಿನಾ ಜಗಳ ಆಡ್ತೀವಿ. ಪುಗಸಟ್ಟೆ ಕಲಿತಿದ್ದು!”

ಜೆಂಟ್ರಿಕ್ಸ್ ಕೇಳಲಾರಳು. ಆದರೆ ಮೊಣಕೈ ಊರಿದ್ದ ಮೇಜು ಗುಡುಗಿದಂತೆ ನಡುಗಿತು. ಹನ್ನೊಂದು ಮಂದಿ ಸದಸ್ಯರೂ ಮೇಜು ಕುಟ್ಟುತ್ತಿದ್ದರು. ಗೊಣಗಿದವನು ಎರಡು ಕೈಯಿಂದ. ಆ ನಡುಕ ತೋಳು ಹತ್ತಿ ಎದೆಯವರೆಗೆ ಬಂತು.

ಉತ್ತರ ಕೊಡುವ ಸರದಿ ಬಂದಾಗ ಮುಲೊಂಗೊ ಈ ಸಲ ಜೆಂಟ್ರಿಕ್ಸ್‌ಳ ಮುಖವನ್ನೇ ನೋಡಿದರು. “ಕಚೇರಿಯಿಂದ ಬಂದ ಕಾಗದಕ್ಕೆ ಸಹಿ ಹಾಕ್ದೆ. ನಾನು ಹೋಗಿ ನೋಡಲಿಲ್ಲ, ಮ್ವಾಲಿಮು.”

“ನಾನು ಹೋಗಿ ನೋಡ್ದೆ,” ಎಂದಳು ಜೆಂಟ್ರಿಕ್ಸ್. “ಬಸ್ ಚಾರ್ಜು ನನ್ನದೇ.”

ತರಬೇತಿಯ ಗುತ್ತಿಗೆ ಹಿಡಿದಿದ್ದವರ ಕಾಗದಪತ್ರವನ್ನೆಲ್ಲ ಹದಿನಾಲ್ಕು ದಿನದಲ್ಲಿ ತಂದಿಡಬೇಕು, ಹಣ ವಾಪಸು ಬರಬೇಕು, ಕಲಿಸುವವರು ಕಿವುಡರೇ ಆಗಿರಬೇಕು ಎಂದು ಸಮಿತಿ ಅಂದೇ ತೀರ್ಮಾನಿಸಿತು. ಮುಂದಿನ ತಿಂಗಳು ವರದಿಯನ್ನು ಇಡೀ ಸಭೆ ಒಪ್ಪಿತು. ಮಂತ್ರಿಗಳ ಕುರ್ಚಿಯೇನೂ ಅಲ್ಲಾಡಲಿಲ್ಲ. ಹಣದಲ್ಲಿ ಅರ್ಧ ಬಂತು, ಉಳಿದರ್ಧ ಇನ್ನೂ ಕೋರ್ಟಿನಲ್ಲಿದೆ. ಮೆಟ್ರಿನ್‌ಳ ಕೆಲಸ ಹೋಗಲಿಲ್ಲ. ಎರಡು ವಾರ ಅವಳನ್ನು ದೂರದ ವಾರ್ಡಿಗೆ ಹಾಕಿದ್ದರು, ಜೆಂಟ್ರಿಕ್ಸ್ ಇನ್ನೊಂದು ಪ್ರಶ್ನೆ ಕೊಡುತ್ತೇನೆಂದಾಗ ಮರಳಿ ಕರೆಸಿಕೊಂಡರು.

ದೊಡ್ಡಾಸ್ಪತ್ರೆಯಲ್ಲಿ ಮೊದಲ ಪಾಠ ಹೇಳಲು ಬಂದವಳು ದರ್ಜಿ ಲೋಯ್ಸ್. ಇಪ್ಪತ್ತಾರು ಮಂದಿ ಕೂತಿದ್ದರು, ಮುಂದಿನ ಬೆಂಚಿನಲ್ಲಿ ಜೆಂಟ್ರಿಕ್ಸ್. ಇಬ್ಬರು ಡಾಕ್ಟರುಗಳು ತಡವಾಗಿ ಬಂದರು. ಲೋಯ್ಸ್ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಅವರವರ ಹೆಸರನ್ನು ಒಂದೊಂದೇ ಅಕ್ಷರವಾಗಿ ತೋರಿಸಿಕೊಟ್ಟು, ಕೈಯಲ್ಲಿ ಹೇಳಿಸಿದ ಮೇಲೆಯೇ ಒಳಗೆ ಬಿಟ್ಟಳು.