ಮಂಗಲಪೇಟೆಯ ಬೂಚು

ಬೀದರದ ಮಂಗಲಪೇಟೆಯ ಆ ಓಣಿಯ ನಳದ ಚಾವಿಯನ್ನು ಯಾವಾಗಲೋ ಯಾರೋ ಕಿತ್ತುಕೊಂಡು ಹೋಗಿದ್ದರು. ಉಳಿದದ್ದು ಬರೀ ಪೈಪು. ನೀರು ಬಂದ ದಿನ ಒಂದು ಕೊಡ ಎತ್ತಿ ಇನ್ನೊಂದು ಇಡುವಷ್ಟರಲ್ಲಿ ನೀರು ಚರಂಡಿ ಪಾಲಾಗಬಾರದಲ್ಲ? ಅದಕ್ಕೇ ಬೂಚು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿಗೆ ಹಳೆ ಸೀರೆಯ ಚಿಂದಿ ಸುತ್ತಿದ್ದು. ಬೂಚು ಯಾರ ಕೈಯಲ್ಲೋ ಓಣಿ ಅವರ ಕೈಯಲ್ಲಿ. ಅದು ಮಾರ್ಥಾಬಾಯಿಯ ಕೈಯಲ್ಲಿತ್ತು; ಕೊಡಗಳ ಪಾಳಿ ಹಚ್ಚುವವಳೂ ಅವಳೇ.

ಮಳೆ ಕೈಕೊಟ್ಟು ಮೂರನೆಯ ವರ್ಷ. ಔರಾದ ಕಡೆಯ ಹಳ್ಳಿಗಳಿಗೆ ಹಳ್ಳಿಗಳೇ ಪುಣೆ, ಹೈದರಾಬಾದಿನ ಬಸ್ಸು ಹತ್ತಿದ್ದವು. ಮಾರ್ಥಾಬಾಯಿ ಹತ್ತಿದ್ದು ವಿಮಾನ. ಮಗ ತಿಮೋಥಿ ತೀರಿಕೊಂಡ ಮೇಲೆ ಸೊಸೆ ರೂತ ಮಾಂಟೆನೆಗ್ರೊ ಎಂಬ ದೇಶಕ್ಕೆ ನರ್ಸಾಗಿ ಹೋಗಿದ್ದಳು. ಭೂಪಟದಲ್ಲಿ ಆ ದೇಶ ತೋರಿಸಿದಾಗ ಮಾರ್ಥಾಬಾಯಿ, "ಇದು ದೇಶ ಏನು? ನೊಣ ಕೂತದ" ಎಂದಿದ್ದಳು. ಅವಳು ಹೊರಟದ್ದು ತಿರುಗಾಡಲಿಕ್ಕಲ್ಲ. ಭಾಲ್ಕಿಯ ದವಾಖಾನೆಯೊಂದರಲ್ಲಿ ಕೆಲಸ ಗೊತ್ತುಮಾಡಿ, "ಒಂದನೇ ತಾರೀಖಿಗೆ ಸೊಸಿನ್ನ ಕರಕೊಂಡೇ ಬರ್ತೇನಿ ರೀ" ಎಂದು ಡಾಕ್ಟರರಿಗೆ ಮಾತು ಕೊಟ್ಟಿದ್ದಳು.

"ಬೂಚು ಕೊಟ್ಟು ಹೋಗಕ್ಕಾ," ಎಂದಳು ಪಕ್ಕದ ಮನೆಯ ಇಮಾಮಬೀ.

"ಕೊಟ್ರ, ನಾ ಬರೂದ್ರಾಗ ನೀ ಬೇಗಂ ಆಗಿ ಕೂತಿರ್ತಿ."

ಹೀಗೆ ಬೂಚು ಕೈಚೀಲ ಸೇರಿತು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮಾ ಇದು?" ಎಂದ.

"ನಮ್ಮ ಓಣೀದು ರೀ."

ಅವನು ಅದನ್ನು ಮರಳಿ ಚೀಲದಲ್ಲಿಟ್ಟ.

ಅಲ್ಲಿ ರೂತ ಸಮುದ್ರದ ದಂಡೆಯ ಊರಲ್ಲಿ ಮುದುಕರ ಆಶ್ರಮವೊಂದರಲ್ಲಿದ್ದಳು. ರಜೆ ಹಾಕಿ ಅತ್ತೆಯನ್ನು ಬಸ್ಸಿನಲ್ಲಿ ಗುಡ್ಡ ತೋರಿಸಲು ಕರೆದೊಯ್ದಳು. ಒಂದು ಕಿಟಕಿಯಲ್ಲಿ ಸಮುದ್ರ, ಇನ್ನೊಂದರಲ್ಲಿ ಗುಡ್ಡ. ತಿರುವು ಬಂದಾಗೊಮ್ಮೆ ಎರಡೂ ಜಾಗ ಬದಲಿಸಿಕೊಳ್ಳುತ್ತಿದ್ದವು.

"ಜಾಗಾ ಸಣ್ಣದು ನೋಡು," ಮಾರ್ಥಾಬಾಯಿ ಸೀಟು ಗಟ್ಟಿಯಾಗಿ ಹಿಡಿದು ಹೇಳಿದಳು, "ಅದಕ್ಕ ಎಲ್ಲಾ ಒಂದರ ಮ್ಯಾಲೊಂದು ಪೇರಿಸ್ಯಾರ."

"ಹೂಂ," ಎಂದಳು ರೂತ. ತಿಮೋಥಿ ಹೋದಂದಿನಿಂದ, ಎರಡು ವರ್ಷ, ಅವಳು ಹೂಂ, ಊಹೂಂ ಎರಡರಲ್ಲೇ ದಿನ ದೂಡುತ್ತಿದ್ದಳು. ಭಾಲ್ಕಿಯ ಮಾತು ತೆಗೆದಾಗ ಮಾತ್ರ ಸ್ವಲ್ಪ ಉದ್ದ ಮಾತಾಡಿದಳು: "ಇಲ್ಲೇ ಇರ್ತೇನಿ ಅತ್ತಿ. ಇಲ್ಲಿ ನನಗ ಯಾರೂ ಏನೂ ಕೇಳಂಗಿಲ್ಲ."

"ಒಬ್ಬಾಕೀನ ಕೂತು ಏನ ಮಾಡ್ತಿ? ನಡಿ ಮನಿಗಿ."

ರೂತ ಕಿಟಕಿಯ ಕಡೆ ತಿರುಗಿದಳು.

ಗುಡ್ಡದ ಮೇಲೆ ಅವರು ಇಳಿದುಕೊಂಡದ್ದು ಸ್ತಾನಾ ಎಂಬ ಮುದುಕಿಯ ಮನೆಯಲ್ಲಿ. ಕಪ್ಪು ಲಂಗ, ಗಂಡಸಿನ ಬೂಟು, ಎಂಟು ಹತ್ತು ಆಡು. ಎದುರಿಗೇ ಕಲ್ಲುಗೋಡೆಯಿಂದ ಚಾಚಿದ ಪೈಪು, ಅದರಿಂದ ಮುಂಗೈ ದಪ್ಪದ ನೀರು ಆಡುಗಳು ಕುಡಿಯುವ ಕಲ್ಲಿನ ದೋಣಿಗೆ ಧೋ ಧೋ ಸುರಿಯುತ್ತಿತ್ತು.

"ಯಾರರ ಬಂದ್ ಮಾಡ್ರೆವಾ!"

"ಅದಕ್ಕ ಚಾವಿ ಇಲ್ಲತ್ತಿ. ಗುಡ್ಡದಾಗ ಉಕ್ಕೂ ಊಟಿ ನೀರು, ಹಂಗೇ ಹರೀತದ."

"ನಮ್ಮದಕ್ಕೂ ಚಾವಿ ಇಲ್ಲ. ಹಂಗಂತ ಬಿಟ್ಟೇವೇನು?"

ಅಂದು ಮಾರ್ಥಾಬಾಯಿ ನೀರಿಗೆ ಬೆನ್ನು ಮಾಡಿ ಕೂತು ಉಂಡಳು. ಆದರೂ ಕಿವಿ ಮುಚ್ಚಲಾದೀತೆ? ಬೆಳಗಾಗುತ್ತಲೇ ಕೈಚೀಲ ತೆಗೆದುಕೊಂಡು ಗೋಡೆಯ ಬಳಿ ಹೋದಳು. ಬೂಚು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸದ್ದು ನಿಂತಿತು. ಪರದೇಶಕ್ಕೆ ಬಂದ ಮೇಲೆ ಮೊದಲ ಸಲ ಅವಳ ಜೀವಕ್ಕೆ ಸಮಾಧಾನವಾಯಿತು.

ಅವಳ ಕಾಫಿ ಮುಗಿಯುವ ಹೊತ್ತಿಗೆ ಕಲ್ಲಿನ ದೋಣಿ ಬರಿದಾಗಿ ಆಡುಗಳು ಒಂದೇ ಸಮನೆ ಅರಚತೊಡಗಿದವು. ದಾರಿ ಸಿಗದ ನೀರು ಗೋಡೆಯ ಹಿಂದಿನಿಂದ ಉಕ್ಕಿ ಸ್ತಾನಾಳ ಅಡುಗೆಮನೆಗೆ ನುಗ್ಗಿತ್ತು. ಅವಳು ಪೊರಕೆ ಸಮೇತ ಹೊರಗೆ ಹಾರಿದಳು. ಪೈಪಿನ ಬಾಯಲ್ಲಿ ಮಂಗಲಪೇಟೆಯ ಬೂಚು ಕಂಡಿತು.

"ಯಾಕ ಒದರ್ತಿಯೇ?" ಮಾರ್ಥಾಬಾಯಿ ಸೆರಗು ಸಿಗಿಸಿದಳು. "ನಿನ್ನ ನೀರು ಉಳಿಸೇನಿ ನಾ!"

"ಅತ್ತೀ, ಅಕಿ ಏನಂತಾಳಂದ್ರ..."

"ನೀ ಸುಮ್ಮಿರು. ಬೈಗಳ ತಿಳೀಲಾಕ ದುಭಾಷಿ ಬೇಕೇನು?"

ಸ್ತಾನಾ ಬೂಚು ಎಳೆಯಲು ಹೋದಳು. ಓಣಿಯ ವಸ್ತು ಪರರು ಮುಟ್ಟುವುದೆಂದರೇನು ಎಂದು ಮಾರ್ಥಾಬಾಯಿಯೂ ಕೈ ಹಾಕಿದಳು. ಬೂಚು ಫಟ್ಟೆಂದು ಹಾರಿತು. ನೀರಿನ ಹೊಡೆತಕ್ಕೆ ಇಬ್ಬರೂ ದೋಣಿಯೊಳಗೆ ಎದುರುಬದುರು ಕೂತುಬಿಟ್ಟರು. ಗಡ್ಡದ ಆಡೊಂದು ಬೂಚನ್ನು ಬಾಯಿಗೆ ಹಾಕಿ ನಿಧಾನವಾಗಿ ಅಗಿಯತೊಡಗಿತು.

"ಏ, ಅದು ನಮ್ಮ ಓಣೀದು! ಉಗುಳು!"

ಆಗ ಹಿಂದಿನಿಂದ ಒಂದು ಸದ್ದು ಕೇಳಿತು. ರೂತ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ನಗುತ್ತಿದ್ದಳು. ಮದುವೆಯ ಹೊಸದರಲ್ಲಿ ತಿಮೋಥಿ ಅವಳನ್ನು ಕಾಡಿಸುತ್ತಿದ್ದಾಗ ಹೀಗೇ ನಗುತ್ತಿದ್ದಳು, ಕೊನೆಗೆ ಬಿಕ್ಕಳಿಕೆ ಬರುವ ತನಕ. ಮಾರ್ಥಾಬಾಯಿ ಬಿಕ್ಕಳಿಕೆಗೆ ಕಾದಳು. ಬಂತು.

ಅವಳು ನೀರಿನಿಂದ ಏಳಲಿಲ್ಲ. ಎದುರಿನ ಸ್ತಾನಾ ಕೂಡ ಬೈಯುವುದು ಬಿಟ್ಟು ನಗತೊಡಗಿದ್ದಳು.

ಆಮೇಲೆ ರೂತಳೇ ಬೆರಳು ಮಾಡಿ ತೋರಿಸಿದಳು: ದೋಣಿ ತುಂಬಿದ ನೀರು ಕೋಸಿನ ಪಟ್ಟಿಗೆ, ಅಲ್ಲಿಂದ ಕೆಳಗಿನ ಮನೆಯ ಹಣ್ಣಿನ ಗಿಡಗಳಿಗೆ, ಹಳ್ಳಕ್ಕೆ, ಕಡೆಗೆ ದೂರದಲ್ಲಿ ಮಿನುಗುವ ಸಮುದ್ರಕ್ಕೆ.

"ಉಪ್ಪಾಗ್ಲಾಕ ಇಷ್ಟು ಅವಸರ," ಎಂದಳು ಮಾರ್ಥಾಬಾಯಿ ಸೀರೆ ಹಿಂಡುತ್ತ. "ಭಾಲ್ಕಿ ಡಾಕ್ಟರಿಗಿ ನಾ ಹೇಳ್ತೇನಿ ಬಿಡು. ನಿಮ್ಮಲ್ಲಿ ನೀರಿಲ್ಲ, ನಮ್ಮ ಸೊಸಿ ಕೈ ಹ್ಯಾಂಗ ತೊಳೀಬೇಕು ಅಂತ."

ರೂತ ಈ ಸಲ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತೆಯ ಸೆರಗಿನ ಇನ್ನೊಂದು ತುದಿ ಹಿಡಿದು ಹಿಂಡಿದಳು.

ಮಂಗಲಪೇಟೆಗೆ ಮಾರ್ಥಾಬಾಯಿ ಒಬ್ಬಳೇ ಮರಳಿದಳು. ಅಂದೇ ನಳಕ್ಕೆ ನೀರು ಬಂದಿತ್ತು.

"ಸೊಸಿ ಎಲ್ಲಕ್ಕಾ?" ಎಂದಳು ಇಮಾಮಬೀ.

"ಅಲ್ಲಿ ನಗ್ಲಾಕ ಹತ್ಯಾಳ. ಬಿಟ್ಟು ಬಂದೆ."

ಕೈಚೀಲದಿಂದ ಬೂಚು ತೆಗೆದು ಇಮಾಮಬೀಯ ಕೈಯಲ್ಲಿಟ್ಟಳು. "ಇನ್ನ ನೀನ ಹಿಡಿ."

ಇಮಾಮಬೀ ತಿರುಗಿಸಿ ನೋಡಿದಳು. "ಅರ್ಧಾ ಇಲ್ಲ! ಯಾರು ಕಚ್ಯಾರ ಇದಕ್ಕ?"

"ಪರದೇಶದ ಆಡು."

ಇಮಾಮಬೀ ಅರ್ಧ ಬೂಚನ್ನೇ ಎತ್ತಿ ಹಿಡಿದು ಗಂಟಲು ಸರಿಮಾಡಿಕೊಂಡಳು. "ಏ ಮಾರ್ಥಾಬಾಯಿ! ಪಾಳಿ ಕಾಣಂಗಿಲ್ಲೇನು? ಹಿಂದ ನಿಂದ್ರು!"

ಮಾರ್ಥಾಬಾಯಿ ಕೊಡ ಎತ್ತಿಕೊಂಡು ಪಾಳಿಯ ಕೊನೆಗೆ ಹೋಗಿ ನಿಂತಳು.